ಬೀಗ ಇಂಗ್ಲಿಷಿನದು, ಹೆಬ್ಬೆಟ್ಟು ಚಿಂತಾಕಿಯದು!



ಜೇಬಿನಲ್ಲಿರುವ ಮೊಬೈಲನ್ನು ಒಮ್ಮೆ ಹೊರಗೆ ತೆಗೆಯಿರಿ. ನಿಮ್ಮ ಬ್ಯಾಂಕು ಕಳಿಸಿದ ಕೊನೆಯ ಹತ್ತು ಸಂದೇಶಗಳನ್ನು ನೋಡಿ. ಹತ್ತರಲ್ಲಿ ಕನ್ನಡದವು ಎಷ್ಟು? ಎಣಿಸಿ. ಎಣಿಸಲು ಬೆರಳು ಬೇಕಾಗಲಿಕ್ಕಿಲ್ಲ!

ನೀವು ಇಂಗ್ಲಿಷ್ ಬಲ್ಲವರು. ಕಣ್ಣಾಡಿಸಿದ ಕೂಡಲೇ ಹಣ ಬಂತೋ, ಹೋಯಿತೋ ನಿಮಗೆ ತಿಳಿದುಬಿಡುತ್ತದೆ. ಆದ್ದರಿಂದ ಇದು ನಿಮಗೆ ಚಿಲ್ಲರೆ ಪ್ರಶ್ನೆ ಅನ್ನಿಸಬಹುದು. ಇದೇ ಸಂದೇಶ ಚಿಂತಾಕಿಯ ಒಬ್ಬ ಮುದುಕನ ಮೊಬೈಲಿಗೆ ಬಂತು ಎಂದುಕೊಳ್ಳಿ. ಆಗ ಅದು ಚಿಲ್ಲರೆಯಾಗಿ ಉಳಿಯುವುದಿಲ್ಲ. ಅವನ ವರ್ಷದ ದುಡಿಮೆಯ ಪ್ರಶ್ನೆಯಾಗುತ್ತದೆ.

ಚಿಂತಾಕಿ ಎಲ್ಲಿದೆ ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಕರ್ನಾಟಕದ ನಕಾಶೆಯ ನೆತ್ತಿಯನ್ನು ನೋಡಿ. ಬೀದರ್ ಜಿಲ್ಲೆ, ಔರಾದ ತಾಲ್ಲೂಕು, ಅದರೊಳಗೊಂದು ಹೋಬಳಿ ಚಿಂತಾಕಿ. ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಸ್ವಲ್ಪ ದೂರದಲ್ಲಿ ಮಹಾರಾಷ್ಟ್ರ. ತೊಗರಿ, ಉದ್ದು, ಹೆಸರು, ಸೋಯಾ ಬೆಳೆಯುವ ನೆಲ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ತೆಲುಗು, ಲಂಬಾಣಿ, ಉರ್ದು ಕೇಳಿಸುವ ಸೀಮೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಔರಾದ ತಾಲ್ಲೂಕನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತು. ಆ ಸಾಲಿನ ಊರಿಗೂ ಇಂದು ಮೊಬೈಲ್ ಬಂದಿದೆ, ಆಧಾರ್ ಬಂದಿದೆ, ಪಿಂಚಣಿ ನೇರವಾಗಿ ಖಾತೆಗೆ ಬರುತ್ತಿದೆ. ಬರಬೇಕಾದ್ದೆಲ್ಲ ಬಂದಿದೆ. ಅದನ್ನು ಕಾಯುವ ಮಾತು ಮಾತ್ರ ಕನ್ನಡದಲ್ಲಿ ಬಂದಿಲ್ಲ!

ಹೆಬ್ಬೆಟ್ಟು ಕದ್ದವರ ಕಥೆ

2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಏನಾಯಿತು ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಆಸ್ತಿ ನೋಂದಣಿ ಮಾಡಿಸಿದ್ದ ಜನರ ಖಾತೆಯಿಂದ ಹಣ ಮಾಯವಾಗತೊಡಗಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ. ಯಾವ ಲಿಂಕನ್ನೂ ಒತ್ತಿರಲಿಲ್ಲ. ಹಾಗಾದರೆ ಹಣ ಹೋದದ್ದು ಹೇಗೆ?

ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಆ ಪತ್ರ ಸರ್ಕಾರದ 'ಕಾವೇರಿ' ತಾಣದಲ್ಲಿ ಇಳಿಸಿಕೊಳ್ಳಲು ಸಿಗುತ್ತಿತ್ತು. ಕಳ್ಳರು ಪತ್ರ ಇಳಿಸಿಕೊಂಡರು, ಬೆರಳಚ್ಚಿನ ನಕಲು ಮಾಡಿದರು, ಆಧಾರ್ ಮೂಲಕ ಹಣ ಪಡೆಯುವ ಎಇಪಿಎಸ್ ಯಂತ್ರಕ್ಕೆ ಒತ್ತಿದರು. ಈ ವ್ಯವಸ್ಥೆಗೆ ಒಟಿಪಿ ಬೇಡ, ಎಟಿಎಂ ಕಾರ್ಡು ಬೇಡ, ಗುಪ್ತ ಸಂಖ್ಯೆ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು. ಒಂದು ಸಲಕ್ಕೆ 10,000 ರೂಪಾಯಿವರೆಗೆ ಕೈಗೆ ಬರುತ್ತದೆ. ಮಂಗಳೂರು ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಆಮೇಲೆ ಪತ್ರದ ಪ್ರತಿಯಲ್ಲಿ ಬೆರಳಚ್ಚನ್ನು ಮರೆಮಾಡಲು ಇಲಾಖೆ ಮುಂದಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ!

ಗುಪ್ತ ಸಂಖ್ಯೆ ಕಳುವಾದರೆ ಬದಲಿಸಬಹುದು. ಹೆಬ್ಬೆಟ್ಟು ಕಳುವಾದರೆ ಬೇರೆ ಹೆಬ್ಬೆಟ್ಟು ಎಲ್ಲಿಂದ ತರುವುದು?

ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ ತರುವ ಚಿಕ್ಕ ಯಂತ್ರವೂ ಇದೇ ಎಇಪಿಎಸ್ ದಾರಿಯಲ್ಲಿ ನಡೆಯುತ್ತದೆ. ಬ್ಯಾಂಕಿಗೆ ಹೋಗಲಾರದ ಮುದುಕರಿಗೆ, ವಿಧವೆಯರಿಗೆ, ಕೂಲಿಯವರಿಗೆ ಅದು ನಿಜವಾದ ಉಪಕಾರ. ಯಂತ್ರ ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ಕಳ್ಳತನ ನಡೆದಾಗ ಆ ಮುದುಕಿಗೆ ಸಿಗುವ ಸುಳಿವು ಯಾವುದು? ಹಣ ಹೋದ ಮೇಲೆ ಮೊಬೈಲಿಗೆ ಬರುವ ಒಂದು ಸಾಲಿನ ಸಂದೇಶ. ಮನೆಗೆ ಕಳ್ಳ ಬಿದ್ದಾಗ ಬೊಗಳುವ ನಾಯಿ ಅದೊಂದೇ. ಆ ನಾಯಿ ಇಂಗ್ಲಿಷಿನಲ್ಲಿ ಬೊಗಳಿದರೆ ಚಿಂತಾಕಿಯಲ್ಲಿ ಯಾರು ಏಳಬೇಕು?

ಗಡಿಯಾರ ಯಾರಿಗಾಗಿ ಓಡುತ್ತದೆ?

ಈಗ ಗಮನವಿಟ್ಟು ಕೇಳಿ. ಭಾಷೆ ಎಂಬುದು ಇಲ್ಲಿ ಭಾವನೆಯ ಮಾತಾಗಿ ಉಳಿಯದೆ ರೂಪಾಯಿ ಪೈಸೆಯ ಲೆಕ್ಕವಾಗುತ್ತದೆ.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರು ಕದ್ದಿದ್ದಾರೆ. ಆಗ ಗ್ರಾಹಕ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಅವನ ಮೇಲೆ ಒಂದು ರೂಪಾಯಿಯ ಹೊರೆಯೂ ಇಲ್ಲ ಎಂದಿತು. 4ರಿಂದ 7 ದಿನ ತಡವಾದರೆ ಒಂದಿಷ್ಟು ನಷ್ಟ ಅವನೇ ಹೊರಬೇಕು. ಸಾಮಾನ್ಯ ಉಳಿತಾಯ ಖಾತೆಯಾದರೆ 10,000 ರೂಪಾಯಿವರೆಗೆ, ಕನಿಷ್ಠ ಠೇವಣಿ ಬೇಡದ ಮೂಲ ಖಾತೆಯಾದರೆ 5,000ದವರೆಗೆ. 7 ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಹೇಳಿದಂತೆ.

ಈ ದಿನಗಳನ್ನು ಎಲ್ಲಿಂದ ಎಣಿಸುತ್ತಾರೆ? ಬ್ಯಾಂಕಿನ ಸಂದೇಶ ಗ್ರಾಹಕನಿಗೆ ತಲುಪಿದಲ್ಲಿಂದ. ತಲುಪಿದಲ್ಲಿಂದ, ಮಿತ್ರರೇ, ಅರ್ಥವಾದಲ್ಲಿಂದ ಅಲ್ಲ!

ಸೋಮವಾರ ಸಂದೇಶ ಬಂತು. ಇಂಗ್ಲಿಷಿನ ನಾಲ್ಕು ಸಾಲು. ಕಂಪನಿಯವರ ಜಾಹೀರಾತೂ ಅದೇ ಅಕ್ಷರದಲ್ಲಿ ಬರುತ್ತದೆ, ಇದೂ ಅದೇ ಇರಬೇಕು ಎಂದು ರೈತ ಸುಮ್ಮನಾದ. ಮುಂದಿನ ವಾರ ಮಗ ಹೈದರಾಬಾದಿನಿಂದ ಊರಿಗೆ ಬಂದ. "ತಮ್ಮಾ, ಇದರಾಗ ಏನ್ ಬರದದ ಓದಿ ಹೇಳಪಾ" ಎಂದು ತೋರಿಸಿದಾಗ ಹಣ ಹೋದ ಸಂಗತಿ ತಿಳಿಯಿತು. ಆ ಹೊತ್ತಿಗೆ 3 ದಿನವೂ ಮುಗಿದಿತ್ತು, 7 ದಿನವೂ ಮುಗಿಯುತ್ತಾ ಬಂದಿತ್ತು. ಇಂಗ್ಲಿಷ್ ಬಲ್ಲವನಿಗೆ ಪೂರ್ತಿ ಹಣ ವಾಪಸ್. ಕನ್ನಡ ಮಾತ್ರ ಬಲ್ಲವನಿಗೆ ಅರೆಹಣ, ಇಲ್ಲವೇ ಬರಿಗೈ! ಒಂದೇ ಬ್ಯಾಂಕು, ಒಂದೇ ನಿಯಮ, ಎರಡು ಬಗೆಯ ನ್ಯಾಯ. ಇದಕ್ಕೆ ಭಾಷಾ ತೆರಿಗೆ ಎನ್ನದೆ ಇನ್ನೇನು ಹೆಸರಿಡೋಣ?

ಇನ್ನೊಂದು ವಿಡಂಬನೆ ನೋಡಿ. "ಒಟಿಪಿ ಯಾರಿಗೂ ಹೇಳಬೇಡಿ" ಎಂದು ಸರ್ಕಾರ ಗೋಡೆಗೋಡೆಯ ಮೇಲೆ ಬರೆಸುತ್ತದೆ. ಬಹಳ ಒಳ್ಳೆಯದು. ಆದರೆ ಬಂದದ್ದು ಒಟಿಪಿಯೋ, ಜಾಹೀರಾತೋ, ಕರೆನ್ಸಿ ಮುಗಿದ ಸೂಚನೆಯೋ ಎಂದು ತಿಳಿಯಬೇಕಾದರೆ ಆ ಮುದುಕ ಮೊಬೈಲನ್ನು ಇನ್ನೊಬ್ಬರ ಕೈಗೆ ಕೊಡಲೇಬೇಕು. ಅಂಗಡಿಯವನೋ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹುಡುಗನೋ, ಯಾರೋ ಒಬ್ಬರು ಓದಿ ಹೇಳಬೇಕು. ಗುಟ್ಟನ್ನು ಗುಟ್ಟಾಗಿ ಇಡು ಎನ್ನುವವರು, ಆ ಗುಟ್ಟನ್ನು ಅವನಿಗೇ ಓದಲು ಬಾರದ ಅಕ್ಷರದಲ್ಲಿ ಕಳಿಸುತ್ತಿದ್ದಾರೆ!

ಬೀದರಿಗೆ ಇದು ಹೊಸತಲ್ಲ

ಓದಲಾಗದ ದಾಖಲೆಯ ಕಷ್ಟವನ್ನು ಬೀದರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಅದು ನಿಜಾಮರ ಸೀಮೆ. ಕಚೇರಿಯ ಭಾಷೆ ಉರ್ದು. ಹೊಲ ಉಳುವವನು ಕನ್ನಡದವನು, ಹೊಲದ ಕಾಗದ ಉರ್ದುವಿನದು. ಕಾಗದದಲ್ಲಿ ಏನಿದೆ ಎಂದು ಪಟವಾರಿ ಹೇಳಿದ್ದೇ ವೇದವಾಕ್ಯ. ಉರ್ದು ನಮ್ಮ ನೆರೆಹೊರೆಯ ಭಾಷೆ, ಅದರ ಮೇಲೆ ನಮಗೆ ಮುನಿಸಿಲ್ಲ. ಪಹಣಿ, ರಸೀದಿ, ನಕಲು, ಜಮಾಬಂದಿ ಎಂಬ ಮಾತುಗಳನ್ನು ಕನ್ನಡ ತನ್ನ ಮನೆಯ ಮಾತುಗಳನ್ನಾಗಿ ಮಾಡಿಕೊಂಡಿದೆ. ತೊಂದರೆ ಇದ್ದದ್ದು ಒಂದೇ: ಹೊಲದ ಒಡೆಯನಿಗೆ ತನ್ನ ಕಾಗದ ಓದಲು ಬರುತ್ತಿರಲಿಲ್ಲ, ಓದಬಲ್ಲವನು ಅವನ ಮೇಲೆ ಸವಾರಿ ಮಾಡುತ್ತಿದ್ದ.

1956ರ ನವೆಂಬರ್ 1ರಂದು ಬೀದರ್ ಕನ್ನಡನಾಡಿಗೆ ಸೇರಿತು. ಆ ಸೇರ್ಪಡೆಯ ಅರ್ಥ ಏನು? ನಕಾಶೆಯ ಗೆರೆ ಬದಲಾದದ್ದಷ್ಟೇ ಏನು? ತನ್ನ ಹೊಲದ ಕಾಗದ ತಾನೇ ಓದಿಕೊಳ್ಳುವೆ ಎಂಬ ಆಸೆಯೂ ಅದರಲ್ಲಿತ್ತು. ಇಂದು ಪಟವಾರಿಯ ಜಾಗಕ್ಕೆ ಪರದೆ ಬಂದಿದೆ. ಓದಿ ಹೇಳುವವನ ಸವಾರಿ ನಿಂತಿಲ್ಲ.

ಕನ್ನಡದಲ್ಲಿ ಆಗುವುದಿಲ್ಲ ಎಂದವರಾರು?

ಗಣಕಯಂತ್ರದಲ್ಲಿ ಕನ್ನಡ ಕೂರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ 'ಭೂಮಿ' ಯೋಜನೆಯ ಹೆಸರು ಹೇಳಿ. 2000ದ ಸುಮಾರಿಗೆ ಇದೇ ಕರ್ನಾಟಕ ಸರ್ಕಾರ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕನ್ನಡದಲ್ಲೇ ಗಣಕಕ್ಕೆ ಏರಿಸಿತು. 15 ರೂಪಾಯಿ ಕೊಟ್ಟರೆ ಕನ್ನಡದಲ್ಲಿ ಮುದ್ರಿತ ಪಹಣಿ ಕೈಗೆ ಬಂತು. ದೇಶ ಬೆರಗಾಗಿ ನೋಡಿತು. ಅಂದು ಮೊಬೈಲಿನಲ್ಲಿ ಕನ್ನಡ ಕನಸಾಗಿತ್ತು.

ಭೂಮಿಯಲ್ಲಿ ಭದ್ರತೆ ಹೇಗಿತ್ತು ಗೊತ್ತೆ? ದಾಖಲೆ ತಿದ್ದುವ ನೌಕರ ತನ್ನ ಬೆರಳೊತ್ತಿದರೆ ಮಾತ್ರ ಗಣಕ ತೆರೆಯುತ್ತಿತ್ತು. ತಿದ್ದಿದವನು ಯಾರು ಎಂಬುದು ದಾಖಲಾಗುತ್ತಿತ್ತು. ಅಂದು ಅಧಿಕಾರಿಯ ಬೆರಳು ರೈತನ ದಾಖಲೆಯನ್ನು ಕಾಯುತ್ತಿತ್ತು. 2023ರಲ್ಲಿ ಸರ್ಕಾರದ ದಾಖಲೆಯಿಂದಲೇ ಜನರ ಬೆರಳು ಕಳುವಾಯಿತು. ಎಲ್ಲಿಂದ ಎಲ್ಲಿಗೆ ಬಂದೆವು ನೋಡಿ!

ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 'ನುಡಿ', 'ಬರಹ' ಎಲ್ಲವೂ ನಮ್ಮವರ ದುಡಿಮೆ. ಹೀಗಿರುವಾಗ ಬ್ಯಾಂಕುಗಳಿಗೆ ಉಳಿಯುವ ನೆಪ ಒಂದೇ: ಖರ್ಚು.

ಆ ನೆಪವನ್ನೂ ಬಿಚ್ಚಿ ನೋಡೋಣ. ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿಸುತ್ತವೆ. ಕನ್ನಡವಾದರೆ ಗುಣಿತ, ಒತ್ತುಗಳನ್ನೆಲ್ಲ ಬೇರೆಬೇರೆಯಾಗಿ ಎಣಿಸಿ 70 ಮಾತ್ರ. 70 ದಾಟಿದರೆ ಒಂದರ ಬದಲು ಎರಡು ಸಂದೇಶದ ಹಣ ಕೊಡಬೇಕು. ಸರಿ, ಒಪ್ಪಿಕೊಳ್ಳೋಣ. ಈಗ ಈ ಸಾಲು ನೋಡಿ:

"ನಿಮ್ಮ ಖಾತೆಯಿಂದ ₹10,000 ಹೋಗಿದೆ. ನೀವಲ್ಲವಾದರೆ 1930ಕ್ಕೆ ಕರೆ ಮಾಡಿ."

ನಿಮ್ಮಲ್ಲಿ ಗಣಕ ಬಲ್ಲವರು ಎಣಿಸಿ. ಅಕ್ಷರ, ಗುಣಿತ, ಒತ್ತು, ಅಂಕಿ, ಚುಕ್ಕೆ, ಖಾಲಿ ಜಾಗ ಎಲ್ಲ ಸೇರಿ 61! ಇನ್ನೂ 9 ಜಾಗ ಉಳಿಯಿತು. ಖಾತೆಯ ಕೊನೆಯ ನಾಲ್ಕು ಅಂಕಿ ಅಲ್ಲಿ ಕೂರುತ್ತವೆ. ಬ್ಯಾಂಕಿನ ಗುರುತು ಹೇಗೂ ಕಳಿಸಿದವರ ಹೆಸರಿನ ಜಾಗದಲ್ಲೇ ಬರುತ್ತದೆ. ಒಂದೇ ಸಂದೇಶ, ಒಂದೇ ಖರ್ಚು, ಅಚ್ಚ ಕನ್ನಡ. ಕೊರತೆ ಇರುವುದು ತಂತ್ರಜ್ಞಾನದಲ್ಲೂ ಅಲ್ಲ, ಹಣದಲ್ಲೂ ಅಲ್ಲ. ಮನಸ್ಸಿನಲ್ಲಿ!

ವಿಧಾನಸೌಧದ ಬೀಗಗಳು

ಸರ್ಕಾರ ಸುಮ್ಮನೆ ಕೂತಿದೆ ಎಂದರೆ ಸುಳ್ಳಾಗುತ್ತದೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ. ಈಗ ಬೀದರಿನಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆ ಇದೆ. 2024ರ ಆಗಸ್ಟಿನಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿ ಬಂತು. 2025ರಲ್ಲಿ ಸೈಬರ್ ಕಮಾಂಡ್ ಘಟಕವೂ ಆಯಿತು. ಒಳ್ಳೆಯ ಕೆಲಸ, ಮೆಚ್ಚೋಣ.

ಬೀಗಗಳು ಬೇಕಿದ್ದವು ಎಂಬುದಕ್ಕೂ ಸಾಕ್ಷಿ ಇದೆ. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ತಾಣಕ್ಕೇ ಕನ್ನ ಬಿದ್ದು, ಗುತ್ತಿಗೆದಾರರ ಠೇವಣಿಯ ಸುಮಾರು 11.5 ಕೋಟಿ ರೂಪಾಯಿ ಹೋಯಿತು. 2025ರ ಆರಂಭದಲ್ಲಿ 'ಕಾವೇರಿ 2.0' ತಾಣದ ಮೇಲೆ ಸುಳ್ಳು ಬೇಡಿಕೆಗಳ ಮಳೆ ಸುರಿಸಿ ಆಸ್ತಿ ನೋಂದಣಿಯನ್ನೇ ಸ್ತಬ್ಧಗೊಳಿಸಿದರು. ಇದು ದುರುದ್ದೇಶದ ದಾಳಿ ಎಂದು ಕಂದಾಯ ಸಚಿವ ಕೃಷ್ಣ ಬೈರೇಗೌಡರೇ ಹೇಳಿದರು. ಸರ್ಕಾರದ ಮನೆಗೇ ಕಳ್ಳ ನುಗ್ಗುವ ಕಾಲ ಇದು.

ಆದರೆ ಮಹನೀಯರೇ, ಬೀಗ ಹಾಕುವುದರಲ್ಲಿ ಅರ್ಧ ಭದ್ರತೆ ಮಾತ್ರ ಇದೆ. ಉಳಿದರ್ಧ ಇರುವುದು ಮನೆಯವನಿಗೆ ಎಚ್ಚರ ಹೇಳುವುದರಲ್ಲಿ. ಈ ಅರ್ಧಕ್ಕೆ ನಿಮ್ಮ ನೀತಿಯಲ್ಲಿ ಎಷ್ಟು ಹಣ, ಎಷ್ಟು ಜನ, ಎಷ್ಟು ಕನ್ನಡ?

ಚಿಂತಾಕಿಯವನು ದೂರು ಕೊಡುವುದು ಹೇಗೆ ನೋಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಮಿನ ಪ್ರಕಾರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಆ ಕಾಯ್ದೆಯ ಅಪರಾಧದ ತನಿಖೆ ಮಾಡುವಂತಿಲ್ಲ. "ಬೀದರಿಗೆ ಹೋಗ್ರಿ" ಎಂದು ಹಳ್ಳಿಯ ಠಾಣೆ ಕೈತೊಳೆದುಕೊಳ್ಳಲು ಇದೊಂದು ನೆವ. ಆದರೆ ತನಿಖೆ ಬೇರೆ, ದೂರು ಬರೆದುಕೊಳ್ಳುವುದು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಸ್ಪಷ್ಟವಾಗಿದೆ. ಪೊಲೀಸರೇ ನೇರವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಬಾಯಿಮಾತಿನಲ್ಲೇ ಹೇಳಬಹುದು. ಠಾಣೆಯವರು ಬರೆದುಕೊಳ್ಳಬೇಕು, ಹೇಳಿದವನಿಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಈ ಕಲಮನ್ನು ನೀವು ತಿಳಿದಿರಿ, ಊರಿಗೂ ತಿಳಿಸಿ.

ಹೊಸ ಕಾನೂನು, ಹಳೆಯ ಕಳ್ಳದಾರಿ

ಇನ್ನೊಂದು ಅಸ್ತ್ರ ನಮ್ಮ ಕೈಗೆ ಬಂದಿದೆ. ಬಹಳ ಜನರಿಗೆ ಇದು ಗೊತ್ತಿಲ್ಲ. ಸಂಸತ್ತು 2023ರ ಆಗಸ್ಟಿನಲ್ಲಿ ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದು ಇಷ್ಟು: ನಿಮ್ಮ ಮಾಹಿತಿ ಪಡೆಯಲು ಒಪ್ಪಿಗೆ ಕೇಳುವವರು ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ನಿಮಗೆ ಕೊಡಬೇಕು. ಆ ಅನುಸೂಚಿಯಲ್ಲಿ ಕನ್ನಡವಿದೆ! ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಸೂಚನೆ, ಒಪ್ಪಿಗೆಯ ಭಾಗಕ್ಕೆ 18 ತಿಂಗಳ ಕಾಲಾವಕಾಶ ಕೊಟ್ಟರು, ಅಂದರೆ 2027ರ ಮೇ ತಿಂಗಳವರೆಗೆ. ಬ್ಯಾಂಕು, ಮೊಬೈಲ್ ಕಂಪನಿ, ಸಾಲದ ಆ್ಯಪ್ ಯಾರೇ ಇರಲಿ, ಆಮೇಲೆ ಕನ್ನಡ ಕೊಡುವುದು ಅವರ ಔದಾರ್ಯವಾಗುವುದಿಲ್ಲ, ಕರ್ತವ್ಯವಾಗುತ್ತದೆ.

ಆದರೆ ಅದೇ ಕಾಯ್ದೆಯ 7ನೇ ಕಲಮನ್ನೂ ಓದಿ. ಸಬ್ಸಿಡಿ, ಸೌಲಭ್ಯ, ಪ್ರಮಾಣಪತ್ರ ಕೊಡುವಾಗ ಕೆಲವು ಸಂದರ್ಭಗಳಲ್ಲಿ ಹೊಸದಾಗಿ ಒಪ್ಪಿಗೆ ಕೇಳದೆಯೇ ಮಾಹಿತಿ ಬಳಸುವ ದಾರಿಯನ್ನು ಸರ್ಕಾರ ತನಗಾಗಿ ಇಟ್ಟುಕೊಂಡಿದೆ. ಒಪ್ಪಿಗೆಯೇ ಬೇಡವೆಂದ ಮೇಲೆ ಕನ್ನಡದ ಸೂಚನೆ ಎಲ್ಲಿಂದ ಬಂತು? ಅಂಗಡಿಯವನಿಗೆ ಕನ್ನಡದ ಕಡ್ಡಾಯ, ಅರಸನಿಗೆ ವಿನಾಯಿತಿ! ಚಿಂತಾಕಿಯ ಬಡವನ ಮಾಹಿತಿ ಹೆಚ್ಚಾಗಿ ಇರುವುದು ಅಂಗಡಿಯಲ್ಲಲ್ಲ, ಸರ್ಕಾರದ ಕಡತದಲ್ಲಿ. ಕಾನೂನು ಬಿಟ್ಟ ಈ ಸಂದನ್ನು ರಾಜ್ಯ ಸರ್ಕಾರ ತನ್ನ ಆದೇಶದಿಂದ ಮುಚ್ಚಲಿ. 1963ರ ರಾಜಭಾಷಾ ಅಧಿನಿಯಮ ಇದೆ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ. ಕಾನೂನಿಗೆ ಬರವಿಲ್ಲ, ಎದೆಗಾರಿಕೆಗೆ ಬರ.

ನಮ್ಮ ಹಕ್ಕೊತ್ತಾಯ

1. ಕರ್ನಾಟಕದ ಖಾತೆದಾರರಿಗೆ ಹಣ ಹೋದ ಸಂದೇಶ ಕನ್ನಡದಲ್ಲಿ ಬರಲಿ. ಬೇರೆ ಭಾಷೆ ಬೇಕಾದವರು ಕೇಳಿ ಪಡೆಯಲಿ.

2. ಖಾತೆದಾರನಿಗೆ ತಿಳಿಯುವ ಭಾಷೆಯಲ್ಲಿ ಸಂದೇಶ ತಲುಪಿದ ಮೇಲಷ್ಟೇ 3 ದಿನಗಳ ಎಣಿಕೆ ಶುರುವಾಗಲಿ. ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯಲ್ಲಿ ನಮ್ಮ ಸರ್ಕಾರ ಈ ಮಾತನ್ನು ಎತ್ತಲಿ.

3. 1930ಕ್ಕೆ ಕರೆ ಮಾಡಿದ ಕನ್ನಡಿಗನಿಗೆ, ಗಡಿಯಲ್ಲಿ ಅವನ ಮೊಬೈಲು ಯಾವ ರಾಜ್ಯದ ಟವರ್ ಹಿಡಿದಿದ್ದರೂ, ಕನ್ನಡದ ದನಿ ಸಿಗಲಿ. ದೂರಿನ ಸ್ವೀಕೃತಿ ಕನ್ನಡದಲ್ಲಿರಲಿ.

4. ಸರ್ಕಾರಿ ತಾಣದಿಂದ ಮಾಹಿತಿ ಸೋರಿದರೆ ಯಾರದು ಸೋರಿತೋ ಅವರಿಗೆ ಕನ್ನಡದಲ್ಲಿ ತಿಳಿಸಲಿ. ಹೋಬಳಿಯ ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಅಂಟಿಸಲಿ.

ಇದರಿಂದ ಮನೆಯಲ್ಲಿ ಮರಾಠಿ, ತೆಲುಗು, ಲಂಬಾಣಿ ಆಡುವವರಿಗೆ ನಷ್ಟವೇ? ಇಲ್ಲ. ಅವರ ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಅಪ್ಪನ ಮೊಬೈಲಿನ ಸಂದೇಶವನ್ನು ಐದನೇ ತರಗತಿಯ ಮಗಳು ಓದಿ ಹೇಳುವಂತಾದರೆ, ಬಸ್ ಸ್ಟ್ಯಾಂಡಿನ ಅಪರಿಚಿತನ ಕೈಗೆ ಮೊಬೈಲು ಕೊಡುವುದು ತಪ್ಪುತ್ತದೆ.

ನೀವು ಮಾಡಬೇಕಾದದ್ದು

ಸರ್ಕಾರ ಮಾಡಲಿ ಎಂದು ಕಾಯುತ್ತ ಕೂರಬೇಡಿ. ಇವತ್ತು ಸಂಜೆ ಊರಿಗೆ ಫೋನು ಮಾಡಿ. ಹಣ ಹೋದದ್ದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಬೇಕೆಂದು ಅಪ್ಪ ಅಮ್ಮನಿಗೆ ಹೇಳಿ. ಕರೆ ಬೇಗ ಹೋದಷ್ಟೂ ಹಣ ಮುಂದಿನ ಖಾತೆಗೆ ಜಾರದಂತೆ ತಡೆಹಿಡಿಯುವ ಅವಕಾಶ ಹೆಚ್ಚು. ಹಣ ಪಡೆಯುವ ದಿನ ಬಿಟ್ಟು ಉಳಿದ ದಿನ ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಡುವ ಸೌಲಭ್ಯ ಎಂ-ಆಧಾರ್ ಆ್ಯಪಿನಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ಮಾಡಿ ತೋರಿಸಿ. ಆಧಾರಿನ 1947 ಸಹಾಯವಾಣಿ ಕನ್ನಡದಲ್ಲೂ ಮಾತಾಡುತ್ತದೆ ಎಂಬುದನ್ನೂ ತಿಳಿಸಿ.

ನಿಮ್ಮ ಬ್ಯಾಂಕಿಗೆ ಇಂದೇ ಕನ್ನಡದಲ್ಲಿ ಒಂದು ಪತ್ರ ಬರೆಯಿರಿ: ನನಗೆ ಸಂದೇಶ ಕನ್ನಡದಲ್ಲಿ ಬೇಕು. "ಯಾರೂ ಕೇಳಿಲ್ಲ, ಅದಕ್ಕೇ ಕೊಟ್ಟಿಲ್ಲ" ಎಂಬ ಅವರ ಉತ್ತರವನ್ನು ಅವರ ಬಾಯಿಂದ ಕಿತ್ತುಕೊಳ್ಳಿ. ಮಾಹಿತಿ ಹಕ್ಕಿನ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದಗಳೊಳಗೆ, ಕನ್ನಡದಲ್ಲೇ. ಸೈಬರ್ ಜಾಗೃತಿಗೆ ಬೀದರ್ ಜಿಲ್ಲೆಯಲ್ಲಿ ಎಷ್ಟು ಹಣ ಖರ್ಚಾಯಿತು, ಅದರಲ್ಲಿ ಕನ್ನಡದ ಕರಪತ್ರ ಎಷ್ಟು ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಬಂದ ಉತ್ತರವನ್ನು ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

ನಿಮ್ಮಲ್ಲಿ ಎಷ್ಟೋ ಮಂದಿ ಬ್ಯಾಂಕುಗಳ, ಸರ್ಕಾರದ ತಂತ್ರಾಂಶ ಬರೆಯುವ ಕಂಪನಿಗಳಲ್ಲೇ ದುಡಿಯುತ್ತಿದ್ದೀರಿ. ಸಂದೇಶದ ಆ ಒಂದು ಸಾಲು ಬರೆಯುವ ಕೈ ನಿಮ್ಮದೇ ಇರಬಹುದು. ಮುಂದಿನ ಸಭೆಯಲ್ಲಿ ಎದ್ದು ನಿಂತು ಆ 61 ಅಕ್ಷರಗಳ ಸಾಲನ್ನು ಮೇಜಿನ ಮೇಲೆ ಇಡಿ. "ಇದು ಒಂದೇ ಸಂದೇಶದಲ್ಲಿ ಹಿಡಿಸುತ್ತದೆ, ಕಳಿಸೋಣ" ಎನ್ನಿ. ನವೆಂಬರಿನ ಬಾವುಟಕ್ಕಿಂತ ದೊಡ್ಡ ಸೇವೆ ಅದು.

ಓದಲು ಬರುವುದೇ ಮೊದಲ ಬೀಗ. ಆ ಬೀಗ ಕನ್ನಡದಲ್ಲಿರಲಿ!